ಕಿಟಕಿಗೆ ಕಾಣದ ತಿರುವು

ನೂರು ಬೈಸೆಯ ನೋಟು ನಾಲ್ಕಾಗಿ ಮಡಚಿ
ಅಂಗೈಯಲ್ಲಿಟ್ಟು ಬೆರಳು ಮುಚ್ಚಿಸಿದೆ.
"ಐದು ರೊಟ್ಟಿ. ಎಡಕ್ಕೆ ನೋಡು, ಬಲಕ್ಕೆ ನೋಡು.
ಕಾರು ನಿಂತರೂ ನೀನು ನಿಲ್ಲು."
ಇನ್ನೂ ಏನೇನೋ ಹೇಳುವುದಿತ್ತು,
ಲಿಫ್ಟಿನ ಬಾಗಿಲು ಮುಚ್ಚಿತು.

ಇಂಚರಳಿಗೆ ಏಳು ವರ್ಷ, ಮೂರು ತಿಂಗಳು.
ಅವಳ ವಯಸ್ಸಿಗೆ ನಾನು
ತಮ್ಮನನ್ನು ಸೊಂಟಕ್ಕೇರಿಸಿಕೊಂಡು
ಗಂಗೊಳ್ಳಿಯ ಬಂದರಿನಲ್ಲಿ
ಬಂಗುಡೆಗೆ ಚೌಕಾಸಿ ಮಾಡುತ್ತಿದ್ದವಳು,
ಎರಡು ಮೀನು ಹೆಚ್ಚಿಗೆ ಹಾಕಿಸಿಕೊಳ್ಳದೆ
ಅಲ್ಲಿಂದ ಕದಲದವಳು.
ಈ ರೂವಿಯಲ್ಲಿ ಇವಳಿಗೆ ನೆಲವೆಂದರೆ
ನಾಲ್ಕನೇ ಮಹಡಿಯ ಟೈಲ್ಸು,
ಶಾಲೆಯ ಬಸ್ಸಿನ ಮೆಟ್ಟಿಲು,
ರಜೆಯ ದಿನ ಮಾಲಿನಲ್ಲಿ
ತಾನೇ ಏರುವ ಇನ್ನೊಂದು ಮೆಟ್ಟಿಲು.

ಅಡುಗೆಮನೆಯ ಕಿಟಕಿಗೆ ಕಾಣುವುದು ಇಷ್ಟೇ:
ಬೋಳುಗುಡ್ಡದ ಒಂದು ತುಂಡು, ನೀರಿನ ಟ್ಯಾಂಕುಗಳು,
ಕೆಳಗೆ ಲಾಂಡ್ರಿಯ ಹಸಿರು ಬೋರ್ಡು.
ಬೋರ್ಡು ದಾಟಿದೊಡನೆ ರಸ್ತೆ ತಿರುಗುತ್ತದೆ.
ಗುಲಾಬಿ ಚಪ್ಪಲಿ ಅಲ್ಲಿಯತನಕ ಕಂಡಿತು.
ಆಮೇಲೆ ಬರೀ ತಿರುವು.

ಗಡಿಯಾರ ನೋಡಲಿಲ್ಲ ಎಂದರೆ ಸುಳ್ಳು.
ಬೇಳೆಗೆ ಉಪ್ಪು ಹಾಕಿದ್ದೆನೋ ಇಲ್ಲವೋ
ಎಂದು ಮತ್ತೊಮ್ಮೆ ಹಾಕಿದೆ.
ಮಸೀದಿಯಲ್ಲಿ ಸಂಜೆಯ ಬಾಂಗು ಮೊದಲಾಯಿತು, ಮುಗಿಯಿತು.
ಒಂಬತ್ತು ವರ್ಷ ಕೇಳಿದ ಬಾಂಗು,
ಅಂಗಡಿಯವರು ಎದ್ದು ಹೋಗುವ ಹೊತ್ತದು ಎಂಬುದೇ
ಆ ಗಳಿಗೆಯಲ್ಲಿ ಮರೆತುಹೋಯಿತು.
ಒಂದು ಕಾಲು ಚಪ್ಪಲಿಗೆ ತೂರಿಸಿದ್ದೆ.

ಗಂಟೆ ಬಾರಿಸಿತು. ಎದೆಗವಚಿಕೊಂಡ ಪೇಪರು,
ಪೇಪರಿನಲ್ಲಿ ಹಬೆಯಾಡುವ ರೊಟ್ಟಿ,
ಮೇಲಿನದರ ಅಂಚು ಇಲಿ ಕಚ್ಚಿದಂತೆ.
"ಯಾಕೆ ಇಷ್ಟು ಹೊತ್ತು?"
"ರೊಟ್ಟಿಯವ ನಮಾಜಿಗೆ ಹೋಗಿದ್ದ. ಕಾದೆ."
ಬ್ಯಾಂಕಿಗೆ ಹೋಗಿಬಂದವರಂತೆ ಹಾಗಂದು
ಒಂದು ಲೋಟ ನೀರು ಕುಡಿದಳು.
ಶಾಲೆಯಲ್ಲಿ ಕಲಿತ ಅರಬಿಯಲ್ಲಿ "ಖಂಸ" ಎಂದಳಂತೆ,
ಅವನು ಪಠಾಣ, "ಪಾಂಚ್?" ಎಂದನಂತೆ,
ಕೊನೆಗೆ ಇಬ್ಬರೂ ಅಂಗೈ ಎತ್ತಿ ನಕ್ಕರಂತೆ.

ಸೊಹಾರಿನ ಪಾಳಿಯಿಂದ ಇವರ ಫೋನು. "ಒಬ್ಬಳೇನಾ?"
ಸ್ವಲ್ಪ ಹೊತ್ತು ಗಾಳಿಯ ಸದ್ದು.
"ರೊಟ್ಟಿ ಬಿಸಿ ಇತ್ತಾ?"

ಮರುದಿನ ಸಮವಸ್ತ್ರ ಇಸ್ತ್ರಿಗೆ ಕೊಡಲು ಹೋದೆ.
ಬಿದ್ಯಾಧರ ಪೆಟ್ಟಿಗೆಯಿಂದ ಕೈಯೆತ್ತದೆ ಹೇಳಿದ:
ನಿಮ್ಮ ಹುಡುಗಿ ನನ್ನ ಹ್ಯಾಂಗರು ಎಣಿಸಿದಳು,
ಅರವತ್ತೆರಡು, ನನಗೇ ಗೊತ್ತಿರಲಿಲ್ಲ.
ಕಿರಾಣಿಯ ಮೊಯ್ದೀನ್‌ಕುಟ್ಟಿ ಸ್ಟೂಲು ಹೊರಗಿಟ್ಟನಂತೆ.
ಕೂರಲಿಲ್ಲ ಅವಳು. ಅವನು ಒಳಗೂ ತೆಗೆದಿಡಲಿಲ್ಲ.
ನೆಲಮಹಡಿಯ ಉಮ್ಮ್ ಸಯೀದ್
ತಂಗಿಯ ಮನೆಗೆ ಹೊರಟವರು
ಕಾರಿನ ಎಂಜಿನ್ ಆರಿಸಿ
ಗುಲಾಬಿ ಚಪ್ಪಲಿ ಲಿಫ್ಟು ಹತ್ತುವವರೆಗೆ
ಸುಮ್ಮನೆ ಕೂತಿದ್ದರೆಂದು
ನನಗೆ ತಿಳಿದದ್ದು ನಾಲ್ಕು ದಿನ ಕಳೆದು,
ಅದೂ ಅವರ ಸೊಸೆ ಖರ್ಜೂರ ತಂದುಕೊಟ್ಟಾಗ.

ಯಾರೂ ಅವಳ ಕೈ ಹಿಡಿಯಲಿಲ್ಲ.
ಹಿಡಿಯದೆ ಇರುವುದಕ್ಕೆ
ಎಷ್ಟೊಂದು ಜನ ಬೇಕಾಯಿತು!

ಇವಳಿಗೆ ಇದೊಂದೂ ಗೊತ್ತಿಲ್ಲ, ನಾನೂ ಹೇಳಿಲ್ಲ.
ತಾನೊಬ್ಬಳೇ ಹೋದೆನೆಂದು ಅಜ್ಜಿಗೆ ಫೋನಿನಲ್ಲಿ
ದಿನಕ್ಕೊಂದು ಬೆಕ್ಕು, ಒಂದು ಲಾರಿ ಸೇರಿಸಿ
ಕಥೆ ಉದ್ದ ಮಾಡುತ್ತಿದ್ದಾಳೆ.
ಮಾಡಲಿ.

ನಿನ್ನೆ ನೋಟು ಮಡಚಿಕೊಂಡು
ಬಾಗಿಲಲ್ಲೇ ನಿಂತು ಕರಾರು ಹಾಕಿದಳು:
"ಅಮ್ಮ, ಇನ್ನ್ ನೀ ಕಿಟಕಿ ಹತ್ರ ನಿಲ್ಲೂಕಾಗ.
ಕೆಳಗಿಂದ ಕಂಡ್ರೆ ನಿನ್ ಬಳೆ ಹೊಳಿತ್ತ್."

ಆಯ್ತು ಮಾರಾಯ್ತಿ, ನಿಲ್ಲುವುದಿಲ್ಲ ಎಂದೆ.
ಮಾತಿಗೆ ತಪ್ಪಲಿಲ್ಲ, ನಿಲ್ಲಲಿಲ್ಲ.
ಬಳೆ ಬಿಚ್ಚಿ ಸಕ್ಕರೆ ಡಬ್ಬಿಯ ಮೇಲಿಟ್ಟು
ಮಣೆ ಹಾಕಿಕೊಂಡು ಕೂತು ನೋಡಿದೆ.